ಗ್ಲೋಬು ಮಾಸ್ತರ ಗಂಟೆ

ನಮ್ಮ ಶಾಲೆಯ ಭೂಗೋಳದ ಮಾಸ್ತರಿಗೆ ತಲೆಯೂ ದುಂಡಗೆ, ಹೊಟ್ಟೆಯೂ ದುಂಡಗೆ. ಸಾಲದ್ದಕ್ಕೆ ಪಾಠ ಮಾಡುವಾಗ ನಿಂತಲ್ಲೇ ತಿರುಗುವ ಅಭ್ಯಾಸ. ಮಕ್ಕಳು ಅವರಿಗೆ ಗ್ಲೋಬು ಮಾಸ್ತರು ಎಂದು ಹೆಸರಿಟ್ಟಿದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ನಾನು ಅದೇ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವನು. ನನಗೆ ಮಕ್ಕಳು ಇಟ್ಟಿರುವ ಹೆಸರು ಈ ಕಥೆಗೆ ಬೇಕಿಲ್ಲ. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಅದೂ ಕಟ್ಟಿದವನು ಸಿಮೆಂಟಿನ ವಿಷಯದಲ್ಲಿ ಕೈ ಬಿಗಿ ಹಿಡಿದು ಕಟ್ಟಿದ ಗೋಡೆ. ಆ ಮನೆಯ ಮಾತು ನನಗೆ ಕೇಳಿಸಬೇಕಾದರೆ ನಾನು ಕಿವಿಗೊಡಬೇಕಾಗಿಲ್ಲ, ಕೇಳಿಸದೆ ಇರಬೇಕಾದರೆ ಮಾತ್ರ ಬಹಳ ಕಷ್ಟಪಡಬೇಕು.

ಎಲ್ಲಕ್ಕೂ ಮೂಲ ಅವರ ಹೆಂಡತಿಯ ತಮ್ಮ. ಆತ ಯಾವುದೋ ದೊಡ್ಡ ಆಫೀಸಿನಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವನು. ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು ಕೈ ತೊಳೆಯುತ್ತಾ ಕೇಳಿದ.

“ಭಾವ, ನಿಮ್ಮ ಮೊಬೈಲಿಗೆ ಅಲಾರಂ ಇಟ್ಟುಕೊಡೋದು ಈಗಲೂ ಅಕ್ಕನೇ ಅಂತೆ?”

ಹೆಂಡತಿ ನಕ್ಕರು. ಅದನ್ನು ಮಾಸ್ತರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಕೆ ಮದುವೆಯಾದಾಗಿನಿಂದ ನಗುತ್ತಿದ್ದಾರೆ. ಆದರೆ ಒಂಬತ್ತನೇ ತರಗತಿಯಲ್ಲಿರುವ ಮಗಳೂ ನಕ್ಕಳು. ಅದು ನಾಟಿತು.

“ಮೊಬೈಲಿಗೆ ಅಲಾರಂ ಇಡೋದು ಏನು ಮಹಾ? ಇಡೀ ಶಾಲೆಗೇ ಇಡ್ತೀನಿ, ನೋಡ್ತಿರು” ಎಂದು ಮಾಸ್ತರು ಅಂದುಬಿಟ್ಟರು.

ಅಂದದ್ದು ಸುಮ್ಮನೆ ಅಂದದ್ದಲ್ಲ. ನಮ್ಮ ಶಾಲೆಯಲ್ಲಿ ಗಂಟೆ ಎಂದರೆ ಮರಕ್ಕೆ ನೇತುಹಾಕಿದ ಒಂದು ತುಂಡು ರೈಲು ಕಂಬಿ. ಅದನ್ನು ಬಡಿಯುವುದು ಡ್ರಿಲ್ ಮಾಸ್ತರ ಕೆಲಸ. ಅವರ ಕೈಗಡಿಯಾರ ಅವರ ಮೂಡಿಗೆ ತಕ್ಕಂತೆ ನಡೆಯುತ್ತಿತ್ತು. ಅದೇ ವರ್ಷ ಪ್ರತಿ ಕೋಣೆಗೂ ಒಂದೊಂದು ಧ್ವನಿಪೆಟ್ಟಿಗೆ, ಎಂದರೆ ಸ್ಪೀಕರು, ಬಂದು ಕೂತಿತ್ತು, ಹೇಳಲು ಯಾರಿಗೂ ಏನೂ ಇಲ್ಲದೆ. ಕಂಪ್ಯೂಟರ್ ಕೋಣೆಯಿಂದಲೇ ಗಂಟೆ ಹೊಡೆಸುವುದು ಮಾಸ್ತರ ಆಲೋಚನೆ. ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವರಿಗೆ ತೋರಿಸಲು ಏನಾದರೂ ಹೊಸದು ಬೇಕೆಂದು ಕಾದಿದ್ದ ಹೆಡ್ ಮೇಡಂ ತಕ್ಷಣ ಒಪ್ಪಿದರು. ಡ್ರಿಲ್ ಮಾಸ್ತರು ಸುತ್ತಿಗೆಯನ್ನು ಮೇಜಿನ ಮೇಲೆ ಕುಕ್ಕಿ, “ಇಟ್ಕೊಳ್ಳಿ” ಎಂದು ಹೊರಟುಹೋದರು.

ಕಂಪ್ಯೂಟರ್ ಪಾಠ ಭಾಮೈದನ ಮನೆಯಲ್ಲಿ ಅಲ್ಲ, ಇವರ ಊಟದ ಮೇಜಿನ ಮೇಲೇ ನಡೆಯಿತು. ಗೋಡೆಯಾಚೆಯಿಂದ ನಾನೂ ಕಲಿತೆ.

“ಭಾವ, ಇದಕ್ಕೆ ಶೆಲ್ ಅಂತಾರೆ. ನೀವು ಒಂದು ಅಪ್ಪಣೆ ಟೈಪ್ ಮಾಡಿದ್ರೆ ಅದು ಮಾಡುತ್ತೆ. ಅಪ್ಪಣೆಗಳನ್ನ ಒಂದರ ಕೆಳಗೊಂದು ಫೈಲಿನಲ್ಲಿ ಬರೆದಿಟ್ರೆ ಅದೇ ಸ್ಕ್ರಿಪ್ಟು. ಮೇಲಿಂದ ಕೆಳಗೆ ಓದ್ಕೊಂಡು ಮಾಡ್ತಾ ಹೋಗುತ್ತೆ. ಗಂಟೆ ಬಾರಿಸು, ಮಲಗು. ಮತ್ತೆ ಬಾರಿಸು, ಮತ್ತೆ ಮಲಗು.”

“ಎಷ್ಟು ಹೊತ್ತು ಮಲಗುತ್ತೆ?”

“ಅದನ್ನೇ ನೀವು ಹೇಳ್ಬೇಕು. ಅದಕ್ಕೆ ವೇರಿಯಬಲ್ಲು. ಅಂದ್ರೆ ಒಂದು ಡಬ್ಬಿ. ಡಬ್ಬಿ ಮೇಲೆ ‘ಅವಧಿ’ ಅಂತ ಹೆಸರು ಬರೀರಿ, ಒಳಗೆ ನಲವತ್ತು ನಿಮಿಷ ಹಾಕಿ. ಸ್ಕ್ರಿಪ್ಟಲ್ಲಿ ‘ಅವಧಿಯಷ್ಟು ಮಲಗು’ ಅಂತ ಮಾತ್ರ ಬರೀರಿ. ಸಂಖ್ಯೆನ ಸ್ಕ್ರಿಪ್ಟಿನ ಒಳಗೇ ತುರುಕೋರು ಹೊಸಬರು. ತಿಳಿದೋರು ಹೊರಗಿಂದ ಕೊಡ್ತಾರೆ. ಆದ್ರೆ ಭಾವ, ಹೊರಗಿಂದ ಕೊಡುವಾಗ ಇನ್ನೊಂದು ವಿಷಯ...”

“ಗೊತ್ತಾಯ್ತು ಬಿಡು” ಎಂದರು ಮಾಸ್ತರು. ‘ತಿಳಿದೋರು’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರಿಗೆ ಬೇರೇನೂ ಬೇಕಿರಲಿಲ್ಲ.

ಶನಿವಾರ ಮಧ್ಯಾಹ್ನ ಪರೀಕ್ಷೆ ನಡೆಯಿತು. ಗಂಟೆಯ ಸದ್ದಿನ ಜೊತೆಗೆ ಒಂದೊಂದು ಘೋಷಣೆಯೂ ಇರಲಿ ಎಂದು ಮಾಸ್ತರು ತಮ್ಮದೇ ಧ್ವನಿಯಲ್ಲಿ ಎಲ್ಲವನ್ನೂ ಮುದ್ರಿಸಿದ್ದರು. ಹೊಟ್ಟೆಯಿಂದ ಬರುವ ಗಂಭೀರ ಧ್ವನಿ. ಮನೆಯಲ್ಲಿ ಅದನ್ನು ಬಳಸಲು ಅವಕಾಶವಿಲ್ಲದೆ ಹಾಗೇ ಉಳಿದುಕೊಂಡಿತ್ತು. ಪರದೆಯ ಮೇಲೆ ಅಪ್ಪಣೆ ಟೈಪ್ ಮಾಡುವ ಒಂದು ಕಿಟಕಿ ತೆರೆದರು. ಅವಧಿ ಎಂದರೆ ನಲವತ್ತು ನಿಮಿಷ ಎಂದು ಅದಕ್ಕೆ ಹೇಳಿದರು. ಅವಧಿ ಎಷ್ಟು ಎಂದು ತಿರುಗಿ ಕೇಳಿದರು. ನಲವತ್ತು ಎಂದಿತು. ಆಮೇಲೆ ಅದೇ ಕಿಟಕಿಯಲ್ಲಿ ಅಪ್ಪಣೆಗಳನ್ನು ಕೈಯಾರೆ ಒಂದೊಂದಾಗಿ ಟೈಪ್ ಮಾಡಿದರು. “ಮೊದಲನೇ ಅವಧಿ ಆರಂಭ” ಎಂದು ಖಾಲಿ ಶಾಲೆಯಲ್ಲಿ ಅವರ ಧ್ವನಿ ಮೊಳಗಿತು. ಯಂತ್ರ ಮಲಗಿತು. ಮಾಸ್ತರು ಅದರ ಮುಂದೆ ತೊಟ್ಟಿಲು ಕಾಯುವವರಂತೆ ಇಡೀ ಅವಧಿ ಕೂತರು. ಹೊತ್ತಿಗೆ ಸರಿಯಾಗಿ ಅದು ಎದ್ದು “ಎರಡನೇ ಅವಧಿ ಆರಂಭ” ಎಂದಾಗ ಅವರ ಕಣ್ಣಲ್ಲಿ ನೀರು ಬಂದಿತ್ತು.

“ಸಾರ್, ಕೈಯಲ್ಲಿ ಟೈಪ್ ಮಾಡಿದ್ದು ಸರಿ, ಒಂದು ಸಲ ಆ ಫೈಲನ್ನೇ ಓಡಿಸಿ ನೋಡಿ” ಎಂದರು ಅಲ್ಲೇ ಇದ್ದ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಮೇಡಂ.

“ಅದರಲ್ಲೂ ಇರೋದು ಇದೇ ಸಾಲುಗಳು ಮೇಡಂ” ಎಂದು ಮಾಸ್ತರು ದೊಡ್ಡ ಮನಸ್ಸಿನಿಂದ ನಕ್ಕರು. ಸೋಮವಾರ ಬೆಳಿಗ್ಗೆ ಫೈಲು ತಾನಾಗಿಯೇ ಓಡುವಂತೆ ಏರ್ಪಾಡು ಮಾಡಿ, ಕೋಣೆಗೆ ಬೀಗ ಹಾಕಿ, ಎದೆ ಉಬ್ಬಿಸಿಕೊಂಡು ಮನೆಗೆ ಬಂದರು.

ಈಗ ಮಗಳ ವಿಷಯ ಹೇಳಬೇಕು. ಏಕೆಂದರೆ ಮಾಸ್ತರ ಮಾನ ಹೋದದ್ದು ಅವರ ಸ್ವಂತ ಲೆಕ್ಕ. ಈ ಹುಡುಗಿಯದು ಹಾಗಲ್ಲ. ಅವಳು ಮಾತು ಕಡಿಮೆ. ತರಗತಿಯಲ್ಲಿ ಹಾಜರಿ ಕೂಗಿದರೂ ಉತ್ತರ ಪಕ್ಕದವಳಿಗೆ ಮಾತ್ರ ಕೇಳಿಸುವಷ್ಟು. ಅಂಥವಳು ಮೂರು ಡಬ್ಬಿ, ಒಂದು ಕೊಳವೆ ಸೇರಿಸಿ ನೀರಿನ ಗಡಿಯಾರ ಮಾಡಿದ್ದಳು. ಮೇಲಿನ ಡಬ್ಬಿಯಿಂದ ಹನಿ ಹನಿಯಾಗಿ ನೀರು ಇಳಿಯುತ್ತದೆ, ಕೆಳಗಿನ ಡಬ್ಬಿಯಲ್ಲಿ ಒಂದು ಬೆಂಡು ಮೇಲೇರುತ್ತಾ ಹೊತ್ತು ತೋರಿಸುತ್ತದೆ. ತಪಾಸಣೆಯ ದಿನ ಸಾಹೇಬರ ಎದುರಿಗೆ ಇದನ್ನು ವಿವರಿಸಬೇಕು. ಅವರು ಮೆಚ್ಚಿದರೆ ಶಾಲೆಯಿಂದ ಅವಳೊಬ್ಬಳೇ ವಿಜ್ಞಾನ ಪ್ರದರ್ಶನಕ್ಕೆ ಹೋಗುತ್ತಾಳೆ. ಅವಳು ಆ ಭಾಷಣವನ್ನು ನಮ್ಮ ಗೋಡೆಗೆ ಮುಖಮಾಡಿ ಅಭ್ಯಾಸ ಮಾಡುತ್ತಿದ್ದಳು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಮೊದಲ ವಾಕ್ಯದಲ್ಲೇ ನಿಂತುಬಿಡುತ್ತಿದ್ದ ಹುಡುಗಿ ಕೊನೆಕೊನೆಗೆ ನಡುವೆ ಒಂದು ತಮಾಷೆಯನ್ನೂ ಸೇರಿಸುವಷ್ಟು ಧೈರ್ಯ ತಂದುಕೊಂಡಿದ್ದಳು.

ಸೋಮವಾರ ಬಂತು. ಸಾಹೇಬರ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು. ಹೆಡ್ ಮೇಡಂ ಗೇಟಿನ ಬಳಿ ನಿಂತರು. ಮಕ್ಕಳೆಲ್ಲ ಕೋಣೆಯಲ್ಲಿ. ಧ್ವನಿಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು.

“ಮೊದಲನೇ ಅವಧಿ ಆರಂಭ.”

ನಾನು ಏಳನೇ ತರಗತಿಯ ಬೋರ್ಡಿನ ಮೇಲೆ ಬಾತುಕೋಳಿ ಶುರುಮಾಡಿದೆ. ಕೊಕ್ಕು ಮುಗಿದಿರಲಿಲ್ಲ.

“ಎರಡನೇ ಅವಧಿ ಆರಂಭ.”

ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದೆ. ಮೊಗಸಾಲೆಯಲ್ಲಿ ಗಣಿತದವರು ನನಗೆ ಡಿಕ್ಕಿ ಹೊಡೆದರು, ಅವರಿಗೆ ವಿಜ್ಞಾನದವರು. ಯಾರು ಯಾವ ತರಗತಿಗೆ ಎಂದು ಇತ್ಯರ್ಥವಾಗುವ ಮೊದಲೇ ಮೂರನೇ ಅವಧಿ ಆರಂಭವಾಯಿತು. ಮರುಕ್ಷಣವೇ “ಊಟದ ವಿರಾಮ. ಕೈ ತೊಳೆದುಕೊಂಡು ಶಿಸ್ತಾಗಿ ಊಟ ಮಾಡಿ.” ಆಗಷ್ಟೇ ತಿಂಡಿ ತಿಂದು ಬಂದ ಮಕ್ಕಳು ಶಿಸ್ತಾಗಿ ಡಬ್ಬಿ ಬಿಚ್ಚಿದರು. ಮುಚ್ಚಳ ತೆಗೆದು ಕೈಯಲ್ಲಿರುವಾಗಲೇ “ವಿರಾಮ ಮುಗಿಯಿತು.” ಒಬ್ಬ ಹುಡುಗಿ ಬಾಯಲ್ಲಿ ತುತ್ತಿಟ್ಟುಕೊಂಡು ಅಳತೊಡಗಿದಳು. ಇತಿಹಾಸದ ಮಾಸ್ತರು ಮಾತ್ರ ಯಾವ ಅವಧಿಗೂ ಅಲ್ಲಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಮಲಗಿದ್ದರು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

“ಶಾಲೆ ಮುಗಿಯಿತು. ಮಕ್ಕಳು ಸಾಲಾಗಿ ಮನೆಗೆ ಹೋಗಬಹುದು. ನಾಳೆ ಸಿಗೋಣ.”

ಇಷ್ಟು ವರ್ಷದಲ್ಲಿ ಮಕ್ಕಳು ಇಷ್ಟು ಶ್ರದ್ಧೆಯಿಂದ ಮಾಸ್ತರ ಮಾತು ಕೇಳಿದ್ದನ್ನು ನಾನು ಕಂಡಿಲ್ಲ. ಸಾಲಾಗಿ ಎಂಬ ಒಂದು ಪದ ಬಿಟ್ಟರೆ ಉಳಿದದ್ದನ್ನೆಲ್ಲ ಪಾಲಿಸಿದರು. ಸಾಹೇಬರು ಕಾರಿನಿಂದ ಒಂದು ಕಾಲು ಕೆಳಗಿಟ್ಟಿದ್ದರು. ಇಡೀ ಶಾಲೆ ಅವರ ಅಕ್ಕಪಕ್ಕದಿಂದ ಹರಿದುಹೋಗುವ ತನಕ ಇನ್ನೊಂದು ಕಾಲು ಕೆಳಗಿಡಲು ಜಾಗವಾಗಲಿಲ್ಲ.

“ಇವತ್ತು ರಜೆನಾ ಮೇಡಂ?” ಎಂದರು.

“ಇಲ್ಲ ಸಾರ್, ಇದು... ಆಧುನಿಕ ಗಂಟೆ” ಎಂದರು ಹೆಡ್ ಮೇಡಂ.

ಊರಿನ ಕಡೆಯ ಕಥೆ ಬೇರೆ. ಹೊತ್ತಲ್ಲದ ಹೊತ್ತಿನಲ್ಲಿ ಮಕ್ಕಳು ಬಂದದ್ದು ಕಂಡು ತಾಯಂದಿರು ಯಾರಿಗೆ ಏನಾಯಿತೋ ಎಂದು ಗಾಬರಿಯಾಗಿ ಬೀದಿಗೆ ಬಂದರು. ಶಾಲೆಯೆದುರಿನ ದರ್ಜಿಗೆ ನಮ್ಮ ಊಟದ ಗಂಟೆಯೇ ತನ್ನ ಊಟದ ಗಂಟೆ; ಆತ ಯೋಚನೆ ಮಾಡದೆ ಅಂಗಡಿ ಬಾಗಿಲೆಳೆದು ಮನೆಗೆ ಹೋಗಿ, ತಟ್ಟೆ ಎಲ್ಲಿ ಎಂದು ಹೆಂಡತಿಯ ಮೇಲೆ ರೇಗಿದನಂತೆ. ಒಲೆಯನ್ನೇ ಹಚ್ಚದ ಆಕೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಡ್ರಿಲ್ ಮಾಸ್ತರು ಸೀಟಿ ಊದುತ್ತಾ ಬೀದಿ ಬೀದಿ ಓಡಿ, ಬೆವರಿನಲ್ಲಿ ತೊಯ್ದು, ಅರ್ಧದಷ್ಟು ಮಕ್ಕಳನ್ನು ಹಿಡಿದು ತಂದರು. ಸಾಹೇಬರು ಒಳ್ಳೆಯವರು, ತಾಳ್ಮೆ ಇದ್ದವರು. “ಇರಲಿ, ಯಂತ್ರ ಅಂದ್ಮೇಲೆ ಕೆಡುತ್ತೆ. ಆ ನೀರಿನ ಗಡಿಯಾರ ನೋಡೋಣ” ಎಂದು ಶಾಲೆಯ ಸಭೆಯ ಹಾಲ್‌ನಲ್ಲಿ ಕೂತರು. ಮಕ್ಕಳನ್ನೂ ಕೂರಿಸಿದರು. ಹುಡುಗಿ ಹೂಜಿಯಲ್ಲಿ ನೀರು ಹಿಡಿದು ವೇದಿಕೆ ಹತ್ತಿದಳು. ಅಲ್ಲಿಗೆ ಎಲ್ಲವೂ ಸರಿಹೋಗಬಹುದಿತ್ತು.

ಆದರೆ ಗ್ಲೋಬು ಮಾಸ್ತರಿಗೆ ‘ಕೆಡುತ್ತೆ’ ಎಂಬ ಮಾತು ಸಹಿಸಲಾಗಲಿಲ್ಲ. ಅವರು ಕಂಪ್ಯೂಟರ್ ಕೋಣೆಯ ಕಡೆ ಧಾವಿಸಿದರು. ತಡೆಯಲು ಹೆಡ್ ಮೇಡಂ ನನ್ನನ್ನು ಹಿಂದೆ ಅಟ್ಟಿದರು.

“ಕೆಟ್ಟಿಲ್ಲ ಕಣ್ರೀ! ನಾನು ಇದಕ್ಕೆ ಹೇಳಿದ್ದೀನಿ. ನೋಡಿ, ಮತ್ತೆ ಹೇಳ್ತೀನಿ” ಎಂದು ಕಿಟಕಿಯಲ್ಲಿ ಟೈಪ್ ಮಾಡಿದರು. ಅವಧಿ ಎಂದರೆ ನಲವತ್ತು. “ಈಗ ಕೇಳ್ತೀನಿ.” ಪರದೆಯ ಮೇಲೆ ನಲವತ್ತು ಎಂದು ಬಂತು. “ಬಾಯಿಬಿಟ್ಟು ಒಪ್ಕೊಳ್ತಿದೆ ನೋಡಿ! ಗೊತ್ತಿಲ್ಲ ಅಂತ ಹೇಗೆ ಹೇಳುತ್ತೆ?”

“ಈಗ ಬೇಡ ಮಾಸ್ತರೇ. ಹಾಲಿನಲ್ಲಿ ಮಗು ಮಾತಾಡ್ತಿದೆ.”

“ಒಂದು ಸಲ ‘ಮೊದಲನೇ ಅವಧಿ’ ಅಂತ ಕೂಗಿ ಮಲಗಿಬಿಡುತ್ತೆ. ಯಾರಿಗೂ ತೊಂದರೆ ಇಲ್ಲ. ಸಾಹೇಬರಿಗೂ ಗೊತ್ತಾಗ್ಲಿ.”

ಫೈಲನ್ನು ಓಡಿಸುವ ಗುಂಡಿ ಒತ್ತಿಯೇಬಿಟ್ಟರು.

ಮೊದಲನೇ ಅವಧಿ ಆರಂಭ. ಮಾಸ್ತರು ನನ್ನ ಕಡೆ ತಿರುಗಿ ಹುಬ್ಬು ಕುಣಿಸಿದರು. ಎರಡನೇ ಅವಧಿ ಆರಂಭ. ಹುಬ್ಬು ಏರಿದಲ್ಲೇ ನಿಂತಿತು. ಪರದೆಯ ಮೇಲೆ ಪ್ರತಿ ಸಲವೂ ಒಂದು ಸಾಲು ಮೂಡುತ್ತಿತ್ತು: ಮಲಗು ಅಂದಿರಿ, ಎಷ್ಟು ಹೊತ್ತು ಅಂತ ಹೇಳಲಿಲ್ಲ. ಬೆಳಿಗ್ಗೆಯೂ ಅದು ಇದನ್ನೇ ಗೊಣಗಿತ್ತು, ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ ಅಷ್ಟೆ. ಶೆಲ್ಲಿನ ಸ್ವಭಾವವೇ ಹಾಗಂತೆ. ಒಂದು ಕೆಲಸ ಆಗದಿದ್ದರೆ ಆಗಲಿಲ್ಲ ಎಂದು ಒಂದು ಮಾತು ಗೊಣಗಿ ಮುಂದಿನ ಕೆಲಸಕ್ಕೆ ಹೊರಟುಬಿಡುತ್ತದೆ. ನಿಂತು, ಈಗೇನು ಮಾಡಲಿ ಸ್ವಾಮಿ ಎಂದು ಕೇಳುವುದಿಲ್ಲ.

“ನಿಲ್ಲೋ! ನಿಲ್ಲಪ್ಪಾ!” ಎಂದು ಮಾಸ್ತರು ಬೇಡಿಕೊಂಡರು. ಓಡಿಸುವುದನ್ನು ಮಾತ್ರ ಕಲಿತಿದ್ದರು, ನಿಲ್ಲಿಸುವುದನ್ನಲ್ಲ. ಕೀಲಿಗಳನ್ನೆಲ್ಲ ಒಂದೇ ಸಮನೆ ಕುಟ್ಟಿದರು. ಕೊನೆಗೆ ಮೇಜಿನ ಕೆಳಗೆ ತೂರಿ ವೈರನ್ನು ಕಿತ್ತರು. ಅಷ್ಟರಲ್ಲಿ “ನಾಳೆ ಸಿಗೋಣ” ಆಗಿಹೋಗಿತ್ತು.

ನಾನು ಹಾಲಿಗೆ ಓಡಿದೆ. ಬೆಂಚುಗಳು ಖಾಲಿ. ಒಂದೇ ದಿನ ಎರಡು ಸಲ ಶಾಲೆ ಬಿಟ್ಟ ಭಾಗ್ಯವನ್ನು ಯಾವ ಮಗು ತಾನೇ ಕೈಬಿಡುತ್ತದೆ? ಕಾಲಿಗೆ ಬುದ್ಧಿ ಹೇಳಿದ್ದವು. ಡ್ರಿಲ್ ಮಾಸ್ತರು ಸೀಟಿಯನ್ನು ಕೊರಳಿನಿಂದ ತೆಗೆದು ಕಿಸೆಗೆ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು. ವೇದಿಕೆಯ ಮೇಲೆ ಹುಡುಗಿ ಹೂಜಿ ಹಿಡಿದು ಹಾಗೇ ನಿಂತಿದ್ದಳು. ಅವಳ ತಮಾಷೆ ಬರುವ ಜಾಗಕ್ಕೆ ಸರಿಯಾಗಿ ಎರಡನೇ ಅವಧಿ ಆರಂಭವಾಗಿತ್ತಂತೆ. ಕೆಳಗೆ ಸಾಹೇಬರು, ಹೆಡ್ ಮೇಡಂ, ಡ್ರಿಲ್ ಮಾಸ್ತರು, ಕಂಪ್ಯೂಟರ್ ಮೇಡಂ ಬಿಟ್ಟರೆ ಯಾರೂ ಇಲ್ಲ. ಡಬ್ಬಿಯಲ್ಲಿ ನೀರು ಮಾತ್ರ ಟಪಟಪ ಎನ್ನುತ್ತಿತ್ತು.

“ಯಾರದ್ರೀ ಅದು ಧ್ವನಿ?” ಎಂದು ಸಾಹೇಬರು ಕೇಳಿದರು.

“ನಮ್ಮಪ್ಪಂದು ಸಾರ್” ಎಂದಳು ಹುಡುಗಿ. ಭಾಷಣ ತುಂಡಾದ ಮೇಲೆ ಆ ದಿನ ಶಾಲೆಯಲ್ಲಿ ಅವಳು ಆಡಿದ ಮಾತು ಅದೊಂದೇ.

ಮಾಸ್ತರು ಅದೇ ಹೊತ್ತಿಗೆ ಬಾಗಿಲಿಗೆ ಬಂದಿದ್ದರು. ಕೈಯಲ್ಲಿ ಇನ್ನೂ ಕಿತ್ತ ವೈರು. ಆ ಮುಖ ನೋಡಿ ನನಗೆ ನಗು ಬರಲಿಲ್ಲ ಎಂದರೆ ನೀವು ನಂಬಬೇಕು. ಭೂಮಿ ಬಾಯಿಬಿಟ್ಟರೆ ಸಾಕೆಂದು ಕಾಯುವ ಮನುಷ್ಯರನ್ನು ನಾನು ನೋಡಿದ್ದೇನೆ. ಇವರು ಭೂಗೋಳದವರು, ಅದು ಬಾಯಿ ಬಿಡುವುದಿಲ್ಲ ಎಂದು ಇವರಿಗೆ ಗೊತ್ತು.

“ಸಾರ್, ನಾನು ಹೇಳಿದ್ದೆ ಸಾರ್” ಎಂದು ತೊದಲಿದರು. “ನಲವತ್ತು ಅಂತ ಸ್ಪಷ್ಟವಾಗಿ ಹೇಳಿದ್ದೆ.”

“ಯಾರಿಗೆ ಹೇಳಿದ್ರಿ?”

ಇದಕ್ಕೆ ಕಂಪ್ಯೂಟರ್ ಮೇಡಂ ಉತ್ತರ ಕೊಟ್ಟರು. ಅವರ ಸ್ವರದಲ್ಲಿ ಮರುಕವಿತ್ತು, ಅದು ಇನ್ನೂ ಕಷ್ಟ. “ಸಾರ್ ಹೇಳಿದ್ದು ನಿಜ. ಆದ್ರೆ ಹೇಳಿದ್ದು ಆ ಕಿಟಕಿಗೆ. ಫೈಲನ್ನ ಓಡಿಸಿದಾಗ ಅದು ಬೇರೆ ಶೆಲ್ಲು, ಆಗ ತಾನೇ ಹುಟ್ಟಿದ ಮಗು ಇದ್ದ ಹಾಗೆ. ಅಪ್ಪ ತನ್ನ ಮನಸ್ಸಲ್ಲಿ ಇಟ್ಕೊಂಡಿದ್ದು ಮಗುಗೆ ತಿಳಿಯಲ್ಲ, ಕೈಯೆತ್ತಿ ಕೊಡಬೇಕು. ಎಕ್ಸ್‌ಪೋರ್ಟ್ ಅಂತ ಒಂದು ಮಾತು ಸೇರಿಸ್ಬೇಕಿತ್ತು ಅಷ್ಟೆ. ಬೆಳಿಗ್ಗೆ ತಾನಾಗಿ ಓಡಿದ್ದಕ್ಕಂತೂ ಆ ಕಿಟಕಿ ಅಪ್ಪನೂ ಅಲ್ಲ, ಅದಕ್ಕೆ ನಲವತ್ತು ಅಂತ ಫೈಲಿನಲ್ಲೇ ಬರೆದಿಡ್ಬೇಕಿತ್ತು.”

ಆಯುಷ್ಯವೆಲ್ಲ ಮಕ್ಕಳಿಗೆ ಆಮದು ರಫ್ತು ಪಾಠ ಮಾಡಿದ ಮನುಷ್ಯ ತಲೆ ತಗ್ಗಿಸಿ ನಿಂತರು. ‘ಅವಧಿ’ ಎಂದು ಹೆಸರು ಬರೆದ ಡಬ್ಬಿ ಖಾಲಿ ಇತ್ತು. ಖಾಲಿ ಡಬ್ಬಿಯನ್ನು ಬಗ್ಗಿಸಿದರೆ ಶೆಲ್ಲು ತಡೆಯುವುದಿಲ್ಲವಂತೆ, ಸುಮ್ಮನೆ ಏನೂ ಇಲ್ಲದ್ದನ್ನು ಸುರಿಯುತ್ತದಂತೆ. ಸಾಹೇಬರು ಎದ್ದು, “ನಾಳೆ ಊಟದ ಗಂಟೆಗೆ ಮುಂಚೆ ಈ ಕಡೆ ಬರ್ತೀನಿ. ಈ ಹುಡುಗಿನ ಕೇಳೋದು ಬಾಕಿ ಇದೆ. ಆದ್ರೆ ಆ ಧ್ವನಿ ಮಾತ್ರ ಕೇಳಿಸಬಾರದು” ಎಂದು ಹೊರಟರು.

ಸಂಜೆ ಪಕ್ಕದ ಮನೆಗೆ ಬಂದುಹೋದವರು ಒಬ್ಬಿಬ್ಬರಲ್ಲ. ಮಾಸ್ತರ ಹೆಂಡತಿಯ ಓರಗಿತ್ತಿಯರಿಬ್ಬರು ಬಂದು ಸಮಾಧಾನ ಹೇಳುವ ನೆಪದಲ್ಲಿ ಪೂರ್ತಿ ವಿವರ ಕೇಳಿಕೊಂಡು ಹೋದರು. ದರ್ಜಿ ಬಾಗಿಲಲ್ಲೇ ನಿಂತು, “ಮಾಸ್ತರೇ, ನಿಮ್ಮಿಂದ ನಾನು ಇವತ್ತು ಬೆಳಿಗ್ಗೆ ಬೈಗುಳ ತಿಂದೆ, ಮಧ್ಯಾಹ್ನ ಉಪವಾಸ ಬಿದ್ದೆ” ಎಂದು ಲೆಕ್ಕ ಒಪ್ಪಿಸಿದ. ಭಾಮೈದನ ಫೋನೂ ಬಂತು.

“ಭಾವ, ಹೇಗಿತ್ತು ನಿಮ್ಮ ಗಂಟೆ?”

“ಕಾಲಕ್ಕಿಂತ ಸ್ವಲ್ಪ ಮುಂದಿತ್ತು” ಎಂದು ಮಾಸ್ತರು ಇಟ್ಟುಬಿಟ್ಟರು.

ದಿನಾ ಆ ಹೊತ್ತಿಗೆ ಗೋಡೆಯಾಚೆ ಕೇಳುತ್ತಿದ್ದ ಭಾಷಣ ಅಂದು ಇಲ್ಲ. ನನಗೆ ಅದಿಲ್ಲದೆ ಓದಲು ಮನಸ್ಸಾಗಲಿಲ್ಲ. ಕಡೆಗೆ ಅಡುಗೆಮನೆಯಲ್ಲಿ ಮಾಸ್ತರ ಸ್ವರ ಕೇಳಿಸಿತು. ಹೊಟ್ಟೆಯಿಂದ ಬರುವ ಸ್ವರವಲ್ಲ, ಅದಕ್ಕಿಂತ ಬಹಳ ಸಣ್ಣದು.

“ನಂಗೆ ತುಂಬಾ ನಾಚಿಕೆ ಆಗ್ತಿದೆ ಕಣೇ. ಬೆಳಿಗ್ಗೆ ಆಗಿದ್ದು ಆಯ್ತು. ಎರಡನೇ ಸಲ ಒತ್ತಿದ್ದು ನನ್ನ ಜಂಬಕ್ಕೆ. ಅವಳು ಮಾತಾಡ್ತಿದ್ದಾಳೆ ಅಂತ ಗೊತ್ತಿದ್ದೂ ಒತ್ತಿದೆ. ತಪ್ಪಾಯ್ತು.”

ಪಾತ್ರೆಯ ಸದ್ದು ನಿಂತಿತು.

“ಇದನ್ನ ನನಗೆ ಯಾಕ್ರೀ ಹೇಳ್ತಿದ್ದೀರಿ? ನನಗೆ ಹೇಳಿದ್ರೆ ಅವಳಿಗೆ ತಿಳಿಯುತ್ತಾ? ಪಕ್ಕದ ಕೋಣೆಲಿದ್ದಾಳೆ, ಹೋಗಿ.”

ಹೆಜ್ಜೆಗಳು ನನ್ನ ಗೋಡೆಯ ಕಡೆಗೇ ಬಂದವು. ಬಾಗಿಲು ಕಿರುಗುಟ್ಟಿತು. ನಾನು ಉಸಿರು ಬಿಗಿ ಹಿಡಿದದ್ದು ಅವರಿಗೆ ಕೇಳಿಸೀತೇನೋ ಎಂದು ನನಗೇ ಭಯವಾಯಿತು.

“ತಪ್ಪಾಯ್ತು ಮಗಳೇ” ಎಂದರು ಮಾಸ್ತರು. “ನಿನ್ನ ಮಾತಿಗಿಂತ ನನ್ನ ಮಾತು ದೊಡ್ಡದು ಅಂದ್ಕೊಂಡೆ. ನಾಲ್ಕು ಜನರ ಮುಂದೆ ನಿನ್ನ ಮುಖ ಕೆಳಗೆ ಹಾಕಿಸ್ದೆ.”

ಹುಡುಗಿ ಅತ್ತಳು. ಬೆಳಗಿನಿಂದ ತಡೆದದ್ದು. ಮಾಸ್ತರೂ ಮೂಗು ಒರೆಸಿಕೊಂಡ ಹಾಗೆ ಕೇಳಿಸಿತು. ಅಥವಾ ಅದು ನನ್ನ ಮೂಗೇ ಇದ್ದೀತು.

“ಅಪ್ಪ, ನಾಳೆ ಗಂಟೆ ನೀನೇ ಹೊಡಿ” ಎಂದಳು ಕೊನೆಗೆ. “ಕಂಪ್ಯೂಟರ್ ಬೇಡ. ಕಂಬಿನೇ ಹೊಡಿ. ಹಾಲಿನ ಕಿಟಕಿಯಿಂದ ನಂಗೆ ಕಾಣಿಸುತ್ತೆ. ನಾನು ತಲೆ ಆಡಿಸೋ ತನಕ ಹೊಡೀಬೇಡ. ಎಷ್ಟು ಹೊತ್ತು ಅಂತ ನಾನು ಹೇಳ್ತೀನಿ.”

“ಆಯ್ತು” ಎಂದರು ಮಾಸ್ತರು. ಈ ಸಲ ‘ಗೊತ್ತಾಯ್ತು ಬಿಡು’ ಎನ್ನಲಿಲ್ಲ.

ಮರುದಿನ ಸುತ್ತಿಗೆ ಡ್ರಿಲ್ ಮಾಸ್ತರ ಕೈಗೇ ವಾಪಸು ಬಂದಿತ್ತು; ಗ್ಲೋಬು ಮಾಸ್ತರು ಅದನ್ನು ಬೇಡಿ ತೆಗೆದುಕೊಂಡರು. ಬೆಳಿಗ್ಗೆಯಿಂದ ಮರದ ಕೆಳಗೆ ನಿಂತು ತಾವೇ ಗಂಟೆ ಬಾರಿಸಿದರು. ಹೋಗಿಬರುವ ಮಕ್ಕಳು “ಸಾರ್, ಮನೆಗೆ ಹೋಗ್ಬಹುದಾ?” ಎಂದು ಕೆಣಕಿದರು. ಮಾಸ್ತರು ಕೆಂಪಾದರೇ ಹೊರತು ಗದರಿಸಲಿಲ್ಲ.

ಸಾಹೇಬರು ಬಂದರು. ಹಾಲ್ ತುಂಬಿತು. ಹುಡುಗಿ ಮೊದಲ ವಾಕ್ಯದಲ್ಲೇ ತಡವರಿಸಿದಳು, ಕಿಟಕಿಯ ಆಚೆ ಸುತ್ತಿಗೆ ಹಿಡಿದು ನಿಂತ ದುಂಡನೆಯ ಮನುಷ್ಯನನ್ನು ಒಮ್ಮೆ ನೋಡಿದಳು, ಮುಂದುವರಿಸಿದಳು. ತಮಾಷೆಯ ಜಾಗ ಬಂತು. ಸಾಹೇಬರು ನಕ್ಕರು, ಇಡೀ ಹಾಲ್ ನಕ್ಕಿತು. ನಾನು ಅದನ್ನು ಎಷ್ಟು ಸಲ ಕೇಳಿದ್ದೆನೋ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಸಾಹೇಬರು ಪ್ರಶ್ನೆ ಕೇಳಿದರು, ಅವಳು ಉತ್ತರ ಕೊಟ್ಟಳು. ಇನ್ನೊಂದು ಕೇಳಿದರು.

ಊಟದ ಹೊತ್ತು ಆಯಿತು. ಮೀರಿತು. ನಾನು ಮರದ ಹತ್ತಿರ ಹೋದೆ. ಮಾಸ್ತರು ಸುತ್ತಿಗೆಯನ್ನು ಮೇಲೆತ್ತಿ, ಕಣ್ಣನ್ನು ಕಿಟಕಿಯಿಂದ ಕೀಳದೆ ನಿಂತಿದ್ದರು.

“ಹೊಡೀರಿ ಮಾಸ್ತರೇ! ಹೊಟ್ಟೆ ತಾಳ ಹಾಕ್ತಿದೆ” ಎಂದು ಡ್ರಿಲ್ ಮಾಸ್ತರು ಗೋಗರೆದರು. ರಸ್ತೆಯಾಚೆ ದರ್ಜಿ ಅಂಗಡಿಯಿಂದ ಹೊರಬಂದು, ಕತ್ತರಿ ಹಿಡಿದುಕೊಂಡೇ ನಮ್ಮ ಕಡೆ ಕತ್ತು ಉದ್ದ ಮಾಡಿ ನೋಡುತ್ತಿದ್ದ.

“ನಂಗೆ ಇನ್ನೂ ಹೇಳಿಲ್ಲ” ಎಂದರು ಮಾಸ್ತರು.

ಒಳಗೆ ಸಾಹೇಬರು ಎದ್ದು ಹುಡುಗಿಗೆ ಏನೋ ಹೇಳಿದರು. ಪ್ರದರ್ಶನಕ್ಕೆ ಅವಳೇ ಎಂದು ಆಮೇಲೆ ಗೊತ್ತಾಯಿತು; ಆಗ ಕಂಡದ್ದು ಅವಳ ಮುಖ ಅಷ್ಟೆ, ಅದೇ ಸಾಕಾಗಿತ್ತು. ಅವಳು ಕಿಟಕಿಯ ಕಡೆ ತಿರುಗಿ ತಲೆ ಆಡಿಸಿದಳು. ಮಾಸ್ತರು ಹೊಡೆದ ಹೊಡೆತಕ್ಕೆ ಕಂಬಿ ಕಟ್ಟಿದ ಕೊಂಬೆಯೇ ಬಗ್ಗಿ ಎದ್ದಿತು.

ಆ ಗಂಟೆ ಯಾಕೆ ಅಷ್ಟು ತಡವಾಯಿತೆಂದು ಶಾಲೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದವಳು ದರ್ಜಿಯ ಹೆಂಡತಿ ಒಬ್ಬಳೇ. ಬಿಸಿಬಿಸಿಯಾಗಿ ಬಡಿಸಿಟ್ಟು ಕಾದು ಕಾದು, ಅದು ತಣ್ಣಗಾದ ಮೇಲೆ ಬಂದ ಗಂಡನಿಗೆ ಆಕೆ ನಿನ್ನೆಯ ಬೈಗುಳವನ್ನೇ ಒಂದು ಅಕ್ಷರ ಬಿಡದೆ ಮತ್ತೆ ಬಡಿಸಿದಳಂತೆ.